ಬಾಡಿಗೆಮನೆಯ ಜಂತೆ

ಬೆಂಗಳೂರಿನ ಬಸವನಗುಡಿಯಲ್ಲಿ ನಾವು ಬಾಡಿಗೆಗೆ ಹಿಡಿದಿರುವ ಮನೆ, 1898ರ ಪ್ಲೇಗಿನ ಹಾವಳಿಗೆ ಅಂಜಿ ಪೇಟೆಯ ಇಕ್ಕಟ್ಟಿನಿಂದ ಹೊರಬಿದ್ದ ಜನ ಹೊಸ ಬಡಾವಣೆಗಳಲ್ಲಿ ನೆಲೆಸತೊಡಗಿದ ಕಾಲಕ್ಕೆ ಹತ್ತಿರದ್ದು. ಅದರ ನಡುಮನೆಯ ಚಾವಣಿ ಮದರಾಸು ತಾರಸಿ ಎಂದು ಹೆಸರಾದ ಬಗೆಯದು: ಸಾಲಾಗಿ ತೇಗದ ಜಂತೆಗಳು, ಜಂತೆಗಳ ಮೇಲೆ ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿದ ತೆಳ್ಳನೆಯ ಇಟ್ಟಿಗೆ, ಎರಡು ಜಂತೆಗಳ ನಡುವೆ ಕೆಳಗಿನವರಿಗೆ ಕಾಣುವಷ್ಟು ಭಾಗಕ್ಕೆ ಸುಣ್ಣದ ಗಾರೆ. ಎರಡು ಮಳೆಗಾಲಗಳಿಂದ ಆ ಗಾರೆ ಹಕ್ಕಳೆಯೆದ್ದು ಉದುರುತ್ತಿತ್ತು. ಅಷ್ಟರಲ್ಲಿ ಚೊಚ್ಚಲ ಹೆರಿಗೆಗೆಂದು ಬಂದಿದ್ದ ಮಗಳಿಗೆ ಹೆಣ್ಣುಮಗುವಾಗಿ, ನಾಮಕರಣಕ್ಕೆ ನನ್ನ ತಾಯಿಯ ಕಾಲದ ಮರದ ತೊಟ್ಟಿಲನ್ನೇ ಕಟ್ಟಬೇಕೆಂದು ಮನೆಯವರೆಲ್ಲ ಆಸೆಪಟ್ಟರು. ಬಾಣಂತಿ ರಾತ್ರಿ ಏಳುವಾಗ ಕಣ್ಣಿಗೆ ಹೊಡೆಯದ ದೀಪವೊಂದೂ ಬೇಕಾಗಿತ್ತು. ನಾನು ಏಣಿ ಹಾಕಿ ನಿಂತಿದ್ದ ಹೊತ್ತಿಗೆ ನೆರೆಯ ಬೀದಿಯ ಹಿರಿಯರೊಬ್ಬರು ಮಗುವನ್ನು ನೋಡಲು ಬಂದರು. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಓವರ್ಸಿಯರ್ ಆಗಿದ್ದು ನಿವೃತ್ತರಾದವರು, ಗಾರೆ ಮರಗಳ ವಿಷಯದಲ್ಲಿ ಅವರಿಗೆ ತಿಳಿಯದುದು ಕಡಮೆ. ಅಂದು ನಮ್ಮಿಬ್ಬರಲ್ಲಿ ನಡೆದ ಮಾತುಕತೆಯನ್ನು ನೆನಪಿರುವಷ್ಟು ಇಲ್ಲಿ ಬರೆದಿದ್ದೇನೆ.

ಅವರು: ಬೈರಿಗೆಯನ್ನು ಹಿಡಿದು ಚಾವಣಿಯತ್ತ ನೋಡುತ್ತಿದ್ದೀರಲ್ಲ, ಏನು ಸನ್ನಾಹ?

ನಾನು: ಎರಡು ಕೊಕ್ಕೆ ಹಾಕಬೇಕಾಗಿದೆ, ಒಂದು ತೂಗುದೀಪಕ್ಕೆ, ಒಂದು ತೊಟ್ಟಿಲಿಗೆ. ಎರಡೂ ನಾಲ್ಕಾರು ತಿಂಗಳ ಮಾತು. ನಮ್ಮ ಕರಾರು ಹನ್ನೊಂದು ತಿಂಗಳದ್ದು, ಅದನ್ನು ಮತ್ತೆ ಬರೆಸುತ್ತೇವೆಯೋ ಇಲ್ಲವೋ. ತಾತ್ಕಾಲಿಕವಾದ ಏರ್ಪಾಟು ಸಾಕು.

ಅವರು: ತಾತ್ಕಾಲಿಕವೆಂಬ ಮಾತನ್ನು ಅಷ್ಟು ಹಗುರವಾಗಿ ಆಡಬೇಡಿ. ಶಾಶ್ವತವಾಗಿ ಮಾಡುವವನಿಗೆ ಒಂದೇ ಹೊಣೆ: ಬೇಕಾದಷ್ಟು ಒಡೆದು, ಬೇಕಾದಷ್ಟು ಹೂತು, ಮೇಲೆ ಮುಚ್ಚಿದರೆ ಅವನ ಕೆಲಸ ಮುಗಿಯಿತು. ತಾತ್ಕಾಲಿಕವಾಗಿ ಮಾಡುವವನಿಗಾದರೋ ಎರಡು. ಇರುವಷ್ಟು ದಿನ ಅದು ಬೀಳಕೂಡದು. ತೆಗೆದ ದಿನ, ಅಲ್ಲಿ ಏನೂ ಇರಲಿಲ್ಲವೆಂಬಂತೆ ತೆಗೆದುಬಿಡಬೇಕು. ನಾನು ಕಂಡ ಮಟ್ಟಿಗೆ ಇದು ಮೊದಲನೆಯದಕ್ಕಿಂತ ಕಠಿನವಾದ ವಿದ್ಯೆ. ಅಡುಗೆಮನೆಯಿಂದ ಲಟ್ಟಣಿಗೆಯನ್ನು ತರಿಸಿ.

(ಲಟ್ಟಣಿಗೆ ಬಂತು. ಅವರು ತಾವೇ ಏಣಿ ಹತ್ತಿ, ಅದರ ಹಿಡಿಯ ತುದಿಯಿಂದ ಗಾರೆಯನ್ನು ಅಂಗೈಯಗಲಕ್ಕೊಂದು ಸಲದಂತೆ ಮೆಲ್ಲಗೆ ತಟ್ಟುತ್ತ, ಕಿವಿಯನ್ನು ಮೇಲಕ್ಕೆ ಒಡ್ಡಿ, ಗೋಡೆಯಿಂದ ಗೋಡೆಗೆ ಹೋದರು. ಹೆಚ್ಚುಕಡಮೆ ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಕೆಲಸ, ಅವರು ಹೇಳಿದಲ್ಲಿ ನೀಲಿ ಸೀಮೆಸುಣ್ಣದ ಗೆರೆ ಎಳೆಯುವುದು.)

ಅವರು: ಕೇಳಿದಿರಷ್ಟೆ, ಮೂರು ಬಗೆಯ ಸದ್ದು. ಟಕ್ ಟಕ್ ಎಂದು ಗಟ್ಟಿಯಾಗಿ ನುಡಿದ ಕಡೆ ಗಾರೆ ಇಟ್ಟಿಗೆಯನ್ನು ಇನ್ನೂ ಹಿಡಿದುಕೊಂಡಿದೆ. ಡಬ್ ಎಂದ ಕಡೆ ಅದು ಇಟ್ಟಿಗೆಯನ್ನು ಬಿಟ್ಟಿದೆ. ಸುತ್ತಲಿನ ಗಾರೆಯ ಒತ್ತಾಸೆಯಿಂದ ತನ್ನನ್ನು ತಾನೇ ಹೊತ್ತು ನಿಂತಿದೆ. ಮೂರನೆಯದು ಕಿಟಕಿಯ ಬಳಿಯದು: ತಟ್ಟಿದ ಮೇಲೂ ಒಳಗೆ ಮರಳು ಜಾರಿದ ಸದ್ದು ಬರುತ್ತಿತ್ತು. ಅದರ ಕೆಳಗೆ ಈ ರಾತ್ರಿಯಿಂದ ಯಾರೂ ಮಲಗಬೇಡಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಂಗುಲ ದಪ್ಪದ ಸುಣ್ಣದ ಗಾರೆ ನಾಲ್ಕು ಕಿಲೋ ತೂಗುತ್ತದೆ. ಹನ್ನೊಂದು ಅಡಿಯಿಂದ ಬಿದ್ದರೆ ನೆಲ ಮುಟ್ಟುವ ಹೊತ್ತಿಗೆ ಅದಕ್ಕೆ ಗಂಟೆಗೆ 29 ಕಿಲೋಮೀಟರಿನಷ್ಟು ವೇಗ ಬಂದಿರುತ್ತದೆ. ಚಾವಣಿಗೆ ಏನನ್ನು ತೂಗುಹಾಕೋಣವೆಂಬುದು ಆಮೇಲಿನ ಪ್ರಶ್ನೆ. ಈಗಾಗಲೇ ತೂಗಾಡುತ್ತಿರುವುದನ್ನು ಕೆಳಗಿಳಿಸುವುದು ಮೊದಲಿನದು.

ನಾನು: ಇಷ್ಟು ಗಟ್ಟಿಯಾಗಿದ್ದ ಗಾರೆ ಏಕೆ ಹೀಗಾಯಿತು? ವಯಸ್ಸೇ ಕಾರಣವೆ?

ಅವರು: ವಯಸ್ಸಲ್ಲ. ನಾನು ಹುಡುಗನಾಗಿದ್ದಾಗ ಇಂಥ ತಾರಸಿಯೊಂದನ್ನು ಹಾಕುವುದನ್ನು ಕಂಡಿದ್ದೆ. ಇಟ್ಟಿಗೆಯ ಮೇಲೆ ಸುಣ್ಣ ಮತ್ತು ಇಟ್ಟಿಗೆಚೂರಿನ ಗಚ್ಚನ್ನು ಹರಡಿ, ಹೆಂಗಸರು ಸಾಲಾಗಿ ಕುಳಿತು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತ, ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿದರು. ಆ ಬಡಿತದ ತಾಳ ನನ್ನ ಕಿವಿಯಲ್ಲಿ ಇನ್ನೂ ಇದೆ. ಹಾಗೆ ಹದಗೊಂಡ ಸುಣ್ಣ ಮುದಿಯಾಗುವುದಿಲ್ಲ, ಬಲಿಯುತ್ತದೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟಾಗ ಅದರೊಳಗಿನ ಅಂಗಾರಾಮ್ಲ ಅನಿಲ ಬಿಟ್ಟುಹೋಗುತ್ತದೆ; ನೀರು ಹಾಕಿ ಅರಳಿಸಿ ಗೋಡೆಗೆ ಬಳಿದ ಮೇಲೆ, ಕುಲುಮೆ ಕಸಿದುಕೊಂಡ ಅದೇ ಅನಿಲವನ್ನು ಅದು ಗಾಳಿಯಿಂದ ವರ್ಷಗಟ್ಟಲೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲಾದ ಮೇಲೂ ಅದು ಉಸಿರಾಡುವುದನ್ನು ಬಿಡುವುದಿಲ್ಲ: ಮಳೆಗಾಲದಲ್ಲಿ ತೇವವನ್ನು ಹೀರಿ ಬೇಸಗೆಯಲ್ಲಿ ಹೊರಗೆ ಬಿಡುತ್ತದೆ. ನಿಮ್ಮ ಚಾವಣಿಯ ಮೇಲೆ ಯಾರೋ ಪ್ಲಾಸ್ಟಿಕ್ ಬಣ್ಣ ಬಳಿದು ಆ ಉಸಿರನ್ನು ಕಟ್ಟಿದ್ದಾರೆ. ತಾರಸಿಯ ಬಿರುಕಿನಿಂದ ಇಳಿದ ನೀರಿಗೆ ಹೊರದಾರಿ ಸಿಗದೆ, ಅದು ಕರಗಿಸಿ ತಂದ ಉಪ್ಪು ಬಣ್ಣದ ಹಿಂದೆಯೇ ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಒಡೆದಿದೆ. ಇಗೋ, ಈ ಹಕ್ಕಳೆಯ ಬೆನ್ನನ್ನು ನೋಡಿ.

(ಅಂಗೈಯ ಮೇಲೆ ಅವರು ಇಟ್ಟ ಚೂರಿನ ಒಂದು ಮೈ ನುಣುಪಾದ ಹಾಲಿನ ಬಣ್ಣ; ತಿರುಗಿಸಿದರೆ, ಎಳೆಯ ಹತ್ತಿಯ ಎಸಳಿನಂತೆ ನವಿರಾದ ಉಪ್ಪಿನ ಎಳೆಗಳು ಒತ್ತಾಗಿ ನಿಂತಿದ್ದವು. ಉಸಿರು ತಾಕಿದರೆ ಒರಗುತ್ತಿದ್ದವು.)

ನಾನು: ಆ ಮೂಲೆಯಲ್ಲಿ ಹಿಂದಿನವರು ಸಿಮೆಂಟಿನ ತೇಪೆ ಹಾಕಿಸಿದ್ದಾರೆ. ಅದಾದರೂ ನಿಂತಿದೆಯಲ್ಲ?

ಅವರು: ತೇಪೆ ನಿಂತಿದೆ, ಅದರ ಸುತ್ತಲಿನದು ಹೋಗಿದೆ. ಸಿಮೆಂಟು ಸುಣ್ಣಕ್ಕಿಂತ ಗಡಸು, ನೀರಾವಿಗೆ ದಾರಿ ಕೊಡುವುದು ಕಡಮೆ. ತೇವ ಅದರ ಅಂಚಿಗೆ ಬಂದು ತಂಗಿ ಮೆತ್ತನೆಯ ಸುಣ್ಣವನ್ನು ತಿನ್ನುತ್ತದೆ. ಹಳೆಯ ಸುಣ್ಣದ ಮನೆಗೆ ಸಿಮೆಂಟು ಹಾಕಿದ್ದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ದಡ್ಡತನದಿಂದ ಮಾಡಿದ್ದಲ್ಲ, ಒಳ್ಳೆಯದಾಗಲೆಂದೇ ಮಾಡಿದ್ದು; ಆದುದರಿಂದಲೇ ಸಂಕಟ.

ನಾನು: ನಮ್ಮ ಪೂರ್ವಿಕರಿಗೆ ಗಾರೆಯ ಮೇಲೆ ಎಷ್ಟು ಆದರವಿತ್ತೆಂಬುದಕ್ಕೆ ಮಾನಸೋಲ್ಲಾಸವೇ ಸಾಕ್ಷಿ. ಚಿತ್ರ ಬರೆಯಬೇಕಾದ ಗೋಡೆಗೆ, ಎಮ್ಮೆಯ ತೊಗಲನ್ನು ನೀರಿನಲ್ಲಿ ಮೆತ್ತಗಾಗುವವರೆಗೆ ಕುದಿಸಿ ಮಾಡಿದ ವಜ್ರಲೇಪವನ್ನು ಬಿಳಿಯ ಮಣ್ಣಿನೊಡನೆ ಬೆರಸಿ ಬಳಿಯಬೇಕೆಂದು ಕಲ್ಯಾಣದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ವಿಧಿಸಿದ್ದಾನೆ. ರಾಜ್ಯವಾಳುವ ಅರಸನಿಗೆ ಗಾರೆಯ ಪಾಕ ತಿಳಿದಿತ್ತು.

ಅವರು: ಹಂಪೆಯ ವಿರೂಪಾಕ್ಷನ ರಂಗಮಂಟಪದಲ್ಲಿ ತಲೆಯೆತ್ತಿ ನೋಡಿದ್ದೀರಲ್ಲ; ಆ ಚಿತ್ರಗಳೆಲ್ಲ ಕಲ್ಲಿಗೆ ಅಂಟಿದ ತೆಳುವಾದ ಗಾರೆಯ ಮೇಲಿನವು. ಅಂಥ ಚಿತ್ರಗಳನ್ನು ಕಾಪಾಡುವವರು ಮೊದಲು ಕೈಯಿಡುವುದು ಚಿತ್ರದ ನಡುವಿಗಲ್ಲ, ಗಾರೆ ಮುರಿದು ನಿಂತ ಅಂಚಿಗೆ. ಅಂಚಿಗೆ ಸುಣ್ಣದ ಕಟ್ಟೆ ಕಟ್ಟಿದರೆ ಒಳಗಿನದು ಉಳಿಯುತ್ತದೆ. ನಾವೂ ಹಾಗೆಯೇ ಮಾಡೋಣ. ಸಡಿಲವಾದುದನ್ನು ಇಳಿಸಿ, ಉಳಿದ ಅಂಚನ್ನು ನೀರಿನಿಂದ ನೆನೆಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಕಲಸಿ ಅಂಚಿಗೆ ಮಾತ್ರ ಒತ್ತೋಣ. ಮನೆಯೊಡತಿಯನ್ನು ಕೇಳಿದ್ದೀರಾ?

ನಾನು: ಇನ್ನೂ ಇಲ್ಲ. ಕೇಳಲು ಅಂಜಿಕೆ. ಹಿಂದೆ ಇದ್ದ ಮನೆಯೊಂದನ್ನು ಬಿಡುವಾಗ, ನಾವು ಬರುವ ಮೊದಲೇ ಇದ್ದ ಎರಡು ತೂತುಗಳನ್ನು ತೋರಿಸಿ ಅಡ್ವಾನ್ಸಿನಲ್ಲಿ ದೊಡ್ಡ ಮೊತ್ತವನ್ನು ಹಿಡಿದುಕೊಂಡರು. ಬಣ್ಣದ ಲೆಕ್ಕಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಈ ಊರಿನ ವಾಡಿಕೆ, ಅದಕ್ಕೆ ನನ್ನ ತಕರಾರಿಲ್ಲ. ಮಾಡದ ತಪ್ಪಿಗೆ ದಂಡ ತೆತ್ತದ್ದು ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಅವರು: ಕಾನೂನನ್ನು ತಿಳಿದುಕೊಂಡರೆ ಅಂಜಿಕೆ ಅರ್ಧ ಹೋಗುತ್ತದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣವನ್ನು ಓದಿ. ಬೇರೆ ಕರಾರಿಲ್ಲದಿದ್ದರೆ ಅದೇ ದಾರಿ. ಬಾಡಿಗೆಯವನು ತಾನು ಜೋಡಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು, ಆದರೆ ಸ್ವತ್ತನ್ನು ತನಗೆ ಸಿಕ್ಕಿದ್ದ ಸ್ಥಿತಿಯಲ್ಲಿಯೇ ಬಿಡಬೇಕು. ಸಹಜವಾದ ಸವೆತಕ್ಕೆ ಅವನು ಹೊಣೆಯಲ್ಲ. ಮಾಲೀಕ ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ತಾನೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಲೂ ಅಲ್ಲಿ ದಾರಿಯಿದೆ. ಆದರೆ ಕಾನೂನಿಗೆ ಮುಂಚೆ ಒಂದು ಕಾಗದ ಬರೆಯಿರಿ. ಈ ನೀಲಿ ಗೆರೆಗಳ ಫೋಟೋ ತೆಗೆದು, ತಾರೀಖು ಹಾಕಿ, ಇಂಥಿಂಥ ಕಡೆ ಗಾರೆ ಬಿಟ್ಟಿದೆ, ಇಷ್ಟನ್ನು ಇಳಿಸುತ್ತೇವೆ, ಜಂತೆಗೆ ಇಂಥದನ್ನು ಜೋಡಿಸುತ್ತೇವೆ, ಹೋಗುವಾಗ ತೆಗೆಯುತ್ತೇವೆ ಎಂದು ತಿಳಿಸಿ.

(ಆಕೆಯಿಂದ ಮರುದಿನವೇ ಒಪ್ಪಿಗೆ ಬಂತು, ಸುಣ್ಣದ ಖರ್ಚನ್ನು ತಾವೇ ಕೊಡುವುದಾಗಿಯೂ, ಮಗುವಿನ ಹೆಸರನ್ನು ತಿಳಿಸಬೇಕೆಂದೂ ಬರೆದಿದ್ದರು.)

ನಾನು: ಹಾಗಾದರೆ ಗಟ್ಟಿಯಾಗಿ ನುಡಿದ ಕಡೆ ರಾಲ್‌ಪ್ಲಗ್ ಹಾಕಿ ಕೊಕ್ಕೆ ತಿರುಪಬಹುದಲ್ಲವೆ?

ಅವರು: ಅದರ ಹುಟ್ಟನ್ನು ನೆನೆದರೆ ಉತ್ತರ ಸಿಕ್ಕುತ್ತದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳನ್ನು ಕೆಡಿಸದೆ ವಿದ್ಯುತ್ತಿನ ಸಲಕರಣೆಗಳನ್ನು ಕೂರಿಸಬೇಕಾಗಿ ಬಂದಾಗ, ಜಾನ್ ರಾಲಿಂಗ್ಸ್ ಎಂಬ ಕಂಟ್ರಾಕ್ಟರನು ನಾರಿನ ಚಿಕ್ಕ ಕೊಳವೆಯನ್ನು ತೂತಿನಲ್ಲಿಟ್ಟು ಅದರೊಳಗೆ ತಿರುಪನ್ನು ತಿರುಗಿಸುವ ಉಪಾಯವನ್ನು ಕಂಡುಹಿಡಿದು 1911ರಲ್ಲಿ ಅದಕ್ಕೆ ಹಕ್ಕು ಪಡೆದ. ತಿರುಪು ಒಳಗೆ ಹೋದಷ್ಟೂ ಕೊಳವೆ ಹಿಗ್ಗಿ ತೂತಿನ ಮೈಯನ್ನು ಒತ್ತುತ್ತದೆ. ಹಿಡಿತವೆಲ್ಲ ಆ ಒತ್ತಡದಲ್ಲಿದೆ. ಗಟ್ಟಿಯಾದ ಕಲ್ಲು, ಇಟ್ಟಿಗೆ ಆ ಒತ್ತಡವನ್ನು ತಡೆದುಕೊಳ್ಳುತ್ತವೆ. ಉದುರುವ ಗಾರೆ ತಡೆಯಲಾರದೆ ಸೀಳುತ್ತದೆ. ಅದೂ ಅಲ್ಲದೆ ಗೋಡೆಯಲ್ಲಿ ಭಾರ ತಿರುಪಿನ ಮೇಲೆ ಅಡ್ಡಲಾಗಿ ಕೂರುತ್ತದೆ. ಚಾವಣಿಯಲ್ಲಿ ಅದು ತಿರುಪನ್ನು ಬಂದ ದಾರಿಯಲ್ಲೇ ಹೊರಕ್ಕೆ ಎಳೆಯುತ್ತದೆ, ಹಗಲೂ ರಾತ್ರಿಯೂ.

ನಾನು: ಅಂಟಿನ ಕೊಕ್ಕೆ?

ಅವರು: ಅಂಟು ಬಣ್ಣವನ್ನು ಹಿಡಿಯುತ್ತದೆ, ಬಣ್ಣ ಗಾರೆಯನ್ನು, ಗಾರೆ ಏನನ್ನು ಹಿಡಿದಿದೆಯೆಂದು ಲಟ್ಟಣಿಗೆ ಆಗಲೇ ಹೇಳಿತಲ್ಲ. ಗಾರೆ ಎಂಬುದು ಮನೆಯ ತೊಗಲು. ತೊಗಲಿಗೆ ಭಾರ ಕಟ್ಟುವುದುಂಟೆ? ಎಲುಬನ್ನು ಹುಡುಕಬೇಕು. ನಿಮ್ಮ ಪುಣ್ಯ, ಇಲ್ಲಿ ಎಲುಬು ಕಣ್ಣೆದುರಿಗೇ ಇದೆ. ಈಚಿನ ಕಾಂಕ್ರೀಟಿನ ಚಾವಣಿಯಾಗಿದ್ದರೆ ನಾನು ಹೆಚ್ಚು ಹೆದರುತ್ತಿದ್ದೆ. ಅಲ್ಲಿ ಗಾರೆ ಬೀಳುವುದಕ್ಕೆ ಅನೇಕ ವೇಳೆ ಒಳಗಿನ ಕಬ್ಬಿಣದ ತುಕ್ಕೇ ಕಾರಣ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನೇ ಸಿಡಿಸುತ್ತದೆ. ಕಂಬಿ ಹಾಯ್ದ ಗೆರೆಯುದ್ದಕ್ಕೂ ಬಿರುಕು ಬಿಟ್ಟು ಕೆಂಪು ಒಸರುತ್ತಿದ್ದರೆ ಅಂಥ ಚಾವಣಿಗೆ ಒಂದು ತೋರಣವನ್ನೂ ಕಟ್ಟಬಾರದು, ಎಂಜಿನಿಯರನ್ನು ಕರೆಯಬೇಕು.

ನಾನು: ದೀಪಕ್ಕೇನು ಮಾಡಲಿ?

ಅವರು: ಈ ಮನೆ ಎದ್ದ ಕಾಲಕ್ಕೆ ಬೆಂಗಳೂರಿಗೆ ವಿದ್ಯುದ್ದೀಪವೇ ಬಂದಿರಲಿಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. ಈ ಊರಿನ ಬೀದಿಯಲ್ಲಿ ಅದು ಬೆಳಗಿದ್ದು 1905ರಲ್ಲಿ. ಅದಕ್ಕೆ ಮುಂಚಿನ ಮನೆಗಳಲ್ಲಿ ದೀಪದ ಸ್ಥಾನ ಗೋಡೆಯ ಗೂಡು. ಅಗೋ ಆ ಗೂಡು ಈಗಲೂ ಇದೆ, ನೀವು ಔಷಧದ ಸೀಸೆಗಳನ್ನು ಇಟ್ಟಿದ್ದೀರಿ. ಸೀಸೆಗಳನ್ನು ತೆಗೆದು ಒಂದು ಚಿಕ್ಕ ದೀಪವನ್ನು ಬಾಯಿ ಮೇಲಾಗಿ ಇಡಿ. ಬಲ್ಬು ಕಾಣುವುದಿಲ್ಲ, ಬಿಳಿಯ ಚಾವಣಿ ಬೆಳಕನ್ನು ಹರಡಿ ಕೋಣೆಗೆಲ್ಲ ಕೊಡುತ್ತದೆ. ಬಾಣಂತಿಯ ಕಣ್ಣಿಗೂ ಹಿತ, ಗಾರೆಗೆ ಒಂದು ತೂತೂ ಇಲ್ಲ.

ನಾನು: ಅದಾಯಿತು. ತೊಟ್ಟಿಲು?

ಅವರು: ತೊಟ್ಟಿಲಿನದು ಬೇರೆ ಮಾತು, ಏಕೆಂದರೆ ಅದು ಸುಮ್ಮನೆ ತೂಗುಬೀಳುವುದಿಲ್ಲ, ತೂಗಾಡುತ್ತದೆ. ಎಷ್ಟು ಭಾರ?

ನಾನು: ತೊಟ್ಟಿಲು ಹನ್ನೆರಡು ಕಿಲೋ ತೂಗಿತು. ಮಗು ಮೂರು. ಹಾಸಿಗೆ, ಸರಪಣಿ ಸೇರಿ ಇನ್ನೊಂದು ಐದು ಇಟ್ಟುಕೊಳ್ಳಿ.

ಅವರು: ಒಟ್ಟು ಇಪ್ಪತ್ತು. ನೆಟ್ಟಗಿನ ಗೆರೆಯಿಂದ ಆ ಕಡೆ ಈ ಕಡೆ 30 ಡಿಗ್ರಿ ತೂಗಿದರೆ, ಕೆಳಗಿನ ನಡುಬಿಂದುವನ್ನು ದಾಟುವಾಗ ಎಳೆತ ನಿಂತ ಭಾರಕ್ಕಿಂತ ಕಾಲು ಭಾಗದಷ್ಟು ಹೆಚ್ಚುತ್ತದೆ. 60 ಡಿಗ್ರಿಗೆ ಇಮ್ಮಡಿಯಾಗುತ್ತದೆ. ದೊಡ್ಡ ಮಕ್ಕಳು ಜೋರಾಗಿ ತೂಗಿಯಾರು, ಯಾರಾದರೂ ಬಗ್ಗಿ ಕೈಯೂರಿಯಾರು. ಆದ್ದರಿಂದ ಐವತ್ತು ಕಿಲೋಗೆ ಅಣಿಮಾಡೋಣ. ಒಂದು ಜಂತೆಗೆ ಬೇಡ, ಎರಡಕ್ಕೆ ಹಂಚೋಣ. ಅದೂ ಜಂತೆಯ ನಟ್ಟನಡುವೆ ಬೇಡ. ಗೋಡೆಯಿಂದ ಉದ್ದದ ಕಾಲು ಪಾಲು ದೂರದಲ್ಲಿ ಕಟ್ಟಿದರೆ, ನಡುವೆ ಕಟ್ಟಿದಾಗ ಆಗುವ ಬಾಗುವಿಕೆಯ ಒತ್ತಾಯದಲ್ಲಿ ಕಾಲು ಭಾಗ ಕಡಮೆಯಾಗುತ್ತದೆ. ಗೋಡೆಯೊಳಗೆ ಹೂತ ಜಂತೆಯ ತುದಿ ಮಾತ್ರ ಆರೋಗ್ಯವಾಗಿರಬೇಕು. ತೇವಕ್ಕೆ ಮೊದಲು ಕೊಳೆಯುವುದು ಅದೇ. ದಬ್ಬಳ ಕೊಡಿ.

(ಎರಡು ಜಂತೆಗಳ ತುದಿಗಳನ್ನೂ ದಬ್ಬಳದಿಂದ ಚುಚ್ಚಿ ನೋಡಿದರು. ಅದು ನೂಲಿನೆಳೆಯಷ್ಟೂ ಇಳಿಯಲಿಲ್ಲ. ಗೆದ್ದಲಿನ ಮಣ್ಣೂ ಇರಲಿಲ್ಲ.)

ನಾನು: ಜಂತೆಯ ಅಡಿಯಿಂದ ಕೊಕ್ಕೆ ತಿರುಪೋಣವೆ?

ಅವರು: ಅಡಿಯಿಂದ ಬೇಡ. ಭಾರ ಹೊತ್ತ ಜಂತೆಯ ಮೇಲ್ಮೈ ಒತ್ತಿಕೊಳ್ಳುತ್ತದೆ, ಅಡಿಮೈ ಹಿಗ್ಗುತ್ತದೆ. ಈ ಒತ್ತಿಗೂ ಹಿಗ್ಗಿಗೂ ನಡುವೆ, ಎತ್ತರದ ಅರ್ಧದಲ್ಲಿ, ಎರಡೂ ಇಲ್ಲದ ಒಂದು ಗೆರೆ ಇರುತ್ತದೆ. ಅಲ್ಲಿ ಒಂದು ಸಣ್ಣ ತೂತು ಕೊರೆದರೆ ಜಂತೆಗೆ ಅದರ ಅರಿವೇ ಆಗದು. ಪಕ್ಕದಿಂದ ಪಕ್ಕಕ್ಕೆ ಆ ತೂತಿನಲ್ಲಿ ಒಂದು ಬೋಲ್ಟು ತೂರಿಸಿ, ಎರಡು ತುದಿಗೂ ಕಬ್ಬಿಣದ ಪಟ್ಟಿಯನ್ನು ಹಿಡಿಸಿ, ಪಟ್ಟಿ ಜಂತೆಯನ್ನು ಕೆಳಗಿನಿಂದ ಬಳಸಿ ಬರುವಂತೆ ಬಗ್ಗಿಸಿದರೆ, ಭಾರ ಬೋಲ್ಟಿನ ಮೇಲೆ ಅಡ್ಡಲಾಗಿ ಕೂರುತ್ತದೆ, ಯಾವುದನ್ನೂ ಕೀಳುವುದಿಲ್ಲ. ಕೈಯ ಬೈರಿಗೆಯಿಂದಲೇ ಕೊರೆಯೋಣ. ಸುತ್ತಿಗೆಯಂತೆ ಬಡಿಯುವ ಡ್ರಿಲ್ಲಿನ ಅದುರು ಈ ಗಾರೆಗೆ ವಿಷ. ಗೋಡೆಯಿಂದ ಕಾಲು ಪಾಲು, ಎತ್ತರದ ಅರ್ಧ: ಅಲ್ಲಿ ಬಣ್ಣ ಕೆರೆದು ಗುರುತು ಹಾಕಿ.

ಹಸಿರು ಬಣ್ಣ ಪದರಪದರವಾಗಿ ಎದ್ದಿತು. ಹಸಿರಿನ ಕೆಳಗೆ ಕಂದು, ಕಂದಿನ ಕೆಳಗೆ ಮತ್ತೆ ಹಸಿರು. ಅದರ ಕೆಳಗೆ ತೇಗದ ಎಳೆಗಳು ಉದ್ದಕ್ಕೆ ಹರಿಯುತ್ತಿದ್ದವು. ಆ ಹರಿವಿನ ನಡುವೆ, ನನ್ನ ಗುರುತಿನಿಂದ ಒಂದು ಬೆರಳಿನಷ್ಟು ಆಚೆಗೆ, ಅರ್ಧ ಅಂಗುಲದ ಒಂದು ದುಂಡನೆಯ ಬಿಲ್ಲೆ ಕಾಣಿಸಿತು. ಅದರೊಳಗಿನ ಎಳೆಗಳು ಉದ್ದಕ್ಕೆ ಹೋಗದೆ, ತುದಿಯನ್ನು ನಮ್ಮತ್ತ ಚಾಚಿ ಚುಕ್ಕೆಚುಕ್ಕೆಯಾಗಿದ್ದವು. ಹಿರಿಯರು ಕನ್ನಡಕವನ್ನು ಒರಸಿಕೊಂಡು ನೋಡಿದರು. ಜಂತೆಯ ಆ ಬದಿಯನ್ನು ಕೆರೆಸಿದರು, ಅಲ್ಲೂ ಒಂದು. ಪಕ್ಕದ ಜಂತೆಯಲ್ಲಿಯೂ ಅದೇ ಎತ್ತರದಲ್ಲಿ, ಅದೇ ದೂರದಲ್ಲಿ.

ಅವರು: ಯಾರೋ ಬಲ್ಲವರು ಇಲ್ಲಿ ಬಾಡಿಗೆಗಿದ್ದರು. ತೂತು ಕೊರೆದು, ಬೋಲ್ಟು ಹಾಕಿ, ಮಗು ಬೆಳೆದ ಮೇಲೋ ಮನೆ ಬಿಡುವಾಗಲೋ ಅದನ್ನು ತೆಗೆದು, ತೇಗದ್ದೇ ಗೂಟವನ್ನು ಕೆತ್ತಿ ತುಂಬಿ, ಮಟ್ಟಸವಾಗಿ ಉಜ್ಜಿ, ಬಣ್ಣ ಹಚ್ಚಿ ಹೋಗಿದ್ದಾರೆ. ನೋಡಿ, ಉಗುರು ಎಲ್ಲಿಯಾದರೂ ಸಿಕ್ಕಿಕೊಳ್ಳುತ್ತದೆಯೆ?

ನಾನು: ಇಲ್ಲ. ಒಂದೇ ಮರವಾಗಿದೆ.

ಅವರು: ಬೈರಿಗೆಯನ್ನು ಒಳಗಿಡಿ. ಬೇರೆ ತೂತು ಬೇಕಾಗಿಲ್ಲ.

ಸಣ್ಣ ಕಬ್ಬಿಣದ ಕಡ್ಡಿಯನ್ನು ಬಿಲ್ಲೆಯ ನಡುವಿಗಿಟ್ಟು ಅವರು ಲಟ್ಟಣಿಗೆಯಿಂದಲೇ ಐದಾರು ಸಲ ತಟ್ಟಿದ ಮೇಲೆ, ಮೂರು ಅಂಗುಲ ಉದ್ದದ ಗೂಟ ಆಚೆಯ ಬದಿಯಿಂದ ನನ್ನ ಕೈಗೆ ಬಿತ್ತು. ಎರಡನೆಯದು ಹೆಚ್ಚು ಹೊತ್ತು ಹಿಡಿಯಿತು. ಸಂಜೆಗೆ ಪಟ್ಟಿಗಳು ಬಂದವು. ಎರಡು ಜಂತೆಗಳ ನಡುವೆ ಅಡ್ಡಗೋಲನ್ನು ಕೂರಿಸಿ, ಅದಕ್ಕೆ ಐವತ್ತು ಕಿಲೋ ಅಕ್ಕಿಯ ಮೂಟೆಯನ್ನು ಕಟ್ಟಿ, ಕೆಳಗೆ ಕಪ್ಪು ಕಂಬಳಿಯನ್ನು ಹಾಸಿ, ಬಾಗಿಲು ಹಾಕಿಕೊಂಡೆವು. ಬೆಳಿಗ್ಗೆ ಹಿರಿಯರು ಬಂದು ಮೊಣಕಾಲೂರಿ ಕಂಬಳಿಯನ್ನು ನೋಡಿದರು. ಕಿಟಕಿಯ ಕಡೆಯ ಅಂಚಿನಲ್ಲಿ, ನೀಲಿ ಗೆರೆಯ ಕೆಳಗೆ, ಒಂದು ಚಿಟಿಕೆ ಬಿಳಿಯ ಪುಡಿ ಇತ್ತು. ಮೂಟೆಯ ಕೆಳಗೆ ಏನೂ ಇರಲಿಲ್ಲ.

ಆ ಎರಡು ಗೂಟಗಳಿಗೆ ಯಾವುದು ಯಾವ ಜಂತೆಯದೆಂದು ಗುರುತು ಹಾಕಿ, ದೇವರ ಗೂಡಿನಲ್ಲಿ ಒಂದು ಡಬ್ಬಿಯೊಳಗೆ ಕರಾರುಪತ್ರದ ಜೊತೆಗೆ ಇಟ್ಟಿದ್ದೇನೆ.